ಪಾಲಾಗದ ಚಾವಡಿ

ಮಡಂತ್ಯಾರಿನಲ್ಲಿ ಬಸ್ಸಿಳಿದರೆ ಮೊದಲು ಎದುರುಗೊಳ್ಳುವುದು ಅಡಿಕೆಯ ವಾಸನೆ. ಅಂಗಡಿ ಮುಂದೆ ಸುರಿದ ರಾಶಿ, ಗೋಣಿಯ ಬಾಯಿ ಹೊಲಿಯುವ ದಬ್ಬಣ, ಪಿಕಪ್ಪಿಗೆ ಮೂಟೆ ಎಸೆಯುವಾಗಿನ 'ಹೋಯ್'. ಮಂಗಳೂರು ಕಡೆಯಿಂದ ಬಿ.ಸಿ. ರೋಡ್, ವಗ್ಗ, ಪುಂಜಾಲಕಟ್ಟೆ ದಾಟಿ ಬರುವ 73ನೇ ಹೆದ್ದಾರಿ ಚಾರ್ಮಾಡಿ ಘಾಟಿ ಹತ್ತುವ ಅವಸರದಲ್ಲಿದ್ದರೂ, ಇಲ್ಲಿ ಸ್ವಲ್ಪ ಹೊತ್ತು ಪೇಟೆಯ ವೇಷ ಹಾಕುತ್ತದೆ. ಸೇಕ್ರೆಡ್ ಹಾರ್ಟ್ ಇಗರ್ಜಿಯ ಕಡೆಯಿಂದ ಕಾಲೇಜು ಮಕ್ಕಳು ಗುಂಪುಗುಂಪಾಗಿ ಬರುತ್ತಿದ್ದಾರೆ. ಹೋಟೆಲಿನಲ್ಲಿ ನನ್ನ ಬೆಂಚಿನ ಈ ತುದಿಯಲ್ಲಿ ಕೊಂಕಣಿ, ಆ ತುದಿಯಲ್ಲಿ ಬ್ಯಾರಿ, ಗಲ್ಲಾದಲ್ಲಿ ತುಳು. ನನಗೆ ಮಾತ್ರ ಕನ್ನಡದಲ್ಲಿ ಬನ್ಸು ಮತ್ತು ಚಾ ಬರುತ್ತದೆ.

ನಾನು ಬಂದದ್ದು ಹಳೇ ಉಪ್ಪರಿಗೆ ಮನೆ ನೋಡಲಿಕ್ಕೆ. ಕರೆದುಕೊಂಡು ಹೋಗುವವರು ಇಲ್ಲೇ ಹತ್ತಿರದ ಶಾಲೆಯಿಂದ ನಿವೃತ್ತರಾದ ಮೇಷ್ಟ್ರು. ಅವರ ಕೊಡೆ ಮಳೆಗೂ ಬಿಸಿಲಿಗೂ ಅಲ್ಲ, ದಾರಿ ತೋರಿಸಲಿಕ್ಕೆ. "ಈಗ ಮಂಗಳೂರಲ್ಲಿ ಡ್ಯೂಪ್ಲೆಕ್ಸ್ ಡ್ಯೂಪ್ಲೆಕ್ಸ್ ಅಂತ ಕುಣಿಯುತ್ತಾರಲ್ಲ, ಅದು ನಮ್ಮಲ್ಲಿ ಅಜ್ಜನ ಕಾಲದಿಂದಲೂ ಉಂಟು ಮಾರಾಯ್ರೆ. ಬನ್ನಿ, ತೋರಿಸ್ತೇನೆ" ಎಂದು ಹೆದ್ದಾರಿ ಬಿಟ್ಟು ಇಳಿಜಾರಿಗೆ ತಿರುಗುತ್ತಾರೆ. ಹತ್ತು ಹೆಜ್ಜೆಗೇ ಲಾರಿಗಳ ಹಾರ್ನು ಹಿಂದೆ ಉಳಿಯುತ್ತದೆ. ಕೆಂಪುಕಲ್ಲು ಕಡಿದು ಮಾಡಿದ ಓಣಿ, ಎರಡೂ ಕಡೆ ಪಾಚಿ, ಅದರೊಳಗಿಂದ ಜಿನುಗುವ ನೀರು. ಮಳೆಗಾಲ ಮುಗಿದರೂ ನೆಲದ ಒಳಗೆ ಇನ್ನೂ ಮಳೆ ಹರಿಯುತ್ತಲೇ ಇದೆ. ತೋಡಿಗೆ ಅಡ್ಡ ಹಾಕಿದ ಅಡಿಕೆ ಮರದ ಸಂಕ ದಾಟಿದರೆ ತೋಟ. ತೋಟದ ತುದಿಯಲ್ಲಿ, ಗದ್ದೆಬೈಲಿಗೆ ಮುಖ ಮಾಡಿ, ಆ ಮನೆ.

ದೂರದಿಂದ ಕಾಣುವುದೆಲ್ಲ ಮಾಡು. ಗೋಡೆ ಆಮೇಲೆ. ಕಪ್ಪಾದ ಮಂಗಳೂರು ಹಂಚಿನ ಎರಡು ಅಂತಸ್ತು, ಒಂದರ ಮೇಲೊಂದು ಇಳಿಬಿದ್ದು, ಕೆಳಗಿನ ಜಗಲಿಯನ್ನು ಅರ್ಧ ನೆರಳಲ್ಲಿ ಇಟ್ಟಿವೆ. ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಸುರಿಯುವ ಸೀಮೆಯಲ್ಲಿ ಮನೆ ಕಟ್ಟುವುದೆಂದರೆ ಮೊದಲು ಮಾಡು ಕಟ್ಟುವುದು, ಉಳಿದದ್ದನ್ನು ಅದರ ಕೆಳಗೆ ಹೊಂದಿಸುವುದು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರು ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅದಕ್ಕೆ ಮೊದಲು ಇಂಥ ಮನೆಗಳ ಮೇಲೂ ಮುಳಿಹುಲ್ಲೇ ಇತ್ತು, ಹೆಚ್ಚಿನವರು ವರ್ಷ ವರ್ಷ ಹೊದೆಸಬೇಕಾಗಿತ್ತು. ಅಂಗಳದ ತುಂಬ ಅಡಿಕೆ ಹರಡಿದ್ದಾರೆ, ಹಣ್ಣಡಿಕೆಯ ಕಿತ್ತಳೆಯಿಂದ ಒಣಗಿದ ಬೂದುಗಂದಿನವರೆಗೆ ಎಲ್ಲ ಬಣ್ಣ. ನಡುವೆ ಬಿಟ್ಟ ಒಂದಡಿ ಅಗಲದ ದಾರಿಯಲ್ಲಿ ನಾವು ಜಗಲಿಗೆ ಹೋಗುತ್ತೇವೆ.

"ಬಲೆ, ಉಲಾಯಿ ಬಲೆ" (ಬನ್ನಿ, ಒಳಗೆ ಬನ್ನಿ) ಎಂದು ಒಳಗಿಂದ ತುಳುವಿನಲ್ಲಿ ದನಿ. ಹಿಂದೆಯೇ ಹರಿವಾಣದಲ್ಲಿ ಬೆಲ್ಲದ ತುಂಡು, ತಂಬಿಗೆಯಲ್ಲಿ ನೀರು. ಬಾವಿ ನೀರಿನ ಆ ತಂಪು ಗಂಟಲಲ್ಲಿ ಇಳಿಯುತ್ತಿರುವಾಗಲೇ ನನ್ನ ಕಣ್ಣು ಗೋಡೆಯ ಮೇಲೆ ಹೋಗುತ್ತದೆ. ಬಾಗಿಲಿನ ಆಚೆ ಈಚೆ ಎರಡು ಕರೆಂಟು ಮೀಟರು. ಅಂಗಳದ ಬದಿಯ ಬಾವಿಗೆ ಎರಡು ರಾಟೆ, ಎರಡು ಹಗ್ಗ, ಎರಡು ಕೊಡಪಾನ. ಹಿಂಬದಿಯಲ್ಲಿ ಎರಡು ಕಡೆ ಹೊಗೆ ಏಳುತ್ತಿದೆ. ಮೇಷ್ಟ್ರು ನಗುತ್ತಾರೆ. "ನಾನು ಹೇಳಿದ ಡ್ಯೂಪ್ಲೆಕ್ಸ್ ಮೇಲೆ ಕೆಳಗೆ ಅಲ್ಲ, ಆಚೆ ಈಚೆ. ಇದರೊಳಗೆ ಎರಡು ಮನೆ ಉಂಟು."

ಕತೆ ಅಳಿಯಕಟ್ಟಿನದು. ತುಳುನಾಡಿನ ಇಂಥ ಮನೆಗಳಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿತ್ತು, ಮಾವನ ನಂತರ ಯಜಮಾನಿಕೆ ಸೋದರಳಿಯನಿಗೆ. ಅಕ್ಕತಂಗಿಯರು, ಅವರ ಮಕ್ಕಳು, ಮಕ್ಕಳ ಮಕ್ಕಳು ಒಂದೇ ಮಾಡಿನ ಕೆಳಗೆ. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಬಂದ ಮೇಲೆ ಒಂದೊಂದು ಹೆಣ್ಣಿನ ಸಂತತಿಗೆ, ಅಂದರೆ ಕವರಿಗೆ, ಪಾಲು ಕೇಳುವ ಹಕ್ಕು ಗಟ್ಟಿಯಾಯಿತು. ಗದ್ದೆ ಪಾಲಾಯಿತು, ತೋಟ ಪಾಲಾಯಿತು, ಪಾತ್ರೆಪಗಡಿ ಪಾಲಾಯಿತು. ಮನೆಯನ್ನು ಕೆಡವಿ ಹಂಚಿಕೊಳ್ಳಲು ಯಾರಿಗೆ ಮನಸ್ಸು ಬಂದೀತು? ಹಲಗೆ ಗೋಡೆ ಎಬ್ಬಿಸಿದರು.

ಆ ಹಲಗೆ ಗೋಡೆ ನೋಡಲಿಕ್ಕೆ ಉಪ್ಪರಿಗೆ ಹತ್ತಬೇಕು. ಏಣಿಮೆಟ್ಟಿಲು ಎಷ್ಟು ಕಡಿದಾಗಿದೆಯೆಂದರೆ ಕೈಯೂ ಕಾಲಿನ ಕೆಲಸ ಮಾಡಬೇಕು. ಮೇಲೆ ತಲೆ ಹಾಕುತ್ತಲೇ ಹಳೇ ಮರದ ವಾಸನೆ, ಅದರೊಳಗೆ ಬತ್ತದ ಧೂಳು, ಒಂದಿಷ್ಟು ಬಾವಲಿ. ಸಣ್ಣ ಕಿಟಕಿಯ ಮರದ ಸರಳುಗಳ ನಡುವಿನಿಂದ ಬಿಸಿಲು ಪಟ್ಟಿಪಟ್ಟಿಯಾಗಿ ಬಿದ್ದಿದೆ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಒಂದು ಮೂಲೆಯಲ್ಲಿ ಪತ್ತಾಯ ಕಾಣುತ್ತದೆ. ಒಳಗೆ ಹತ್ತು ಮಂದಿ ನಿಲ್ಲಬಹುದಾದ ಮರದ ಕಣಜ. ಈಗ ಅದರಲ್ಲಿ ಹಳೇ ಕ್ಯಾಲೆಂಡರು, ಮುರಿದ ಸೈಕಲ್ಲು. ಹಿಂದೆ ಒಕ್ಕಲುಗಳು ಗೇಣಿ ಅಕ್ಕಿಯನ್ನು ಬೈಹುಲ್ಲಿನ ಮುಡಿ ಕಟ್ಟಿ ತಂದು ಇಲ್ಲಿ ಪೇರಿಸುತ್ತಿದ್ದರು, ಮುಡಿಯೊಂದಕ್ಕೆ 42 ಸೇರು. 1974ರ ಮಾರ್ಚಿನಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು ಉಳುವವನೇ ಹೊಲದೊಡೆಯನಾದ. ದಕ್ಷಿಣ ಕನ್ನಡದಲ್ಲಿ ಆ ಕಾನೂನು ಕಾಗದದಲ್ಲೇ ಉಳಿಯಲಿಲ್ಲ. ಈ ಪತ್ತಾಯ ಬರಿದಾಗಿ, ಸುತ್ತಲಿನ ಹತ್ತಾರು ಸಣ್ಣ ಮನೆಗಳ ಅಟ್ಟ ತುಂಬಿತು. ನ್ಯಾಯವೇ ಸರಿ. ಆದರೆ ಇಷ್ಟು ದೊಡ್ಡ ಮಾಡನ್ನು ರಿಪೇರಿ ಮಾಡಿಸುತ್ತಿದ್ದದ್ದೂ ಆ ಅಕ್ಕಿಯೇ ಎಂಬುದು ಪಕ್ಕಾಸುಗಳ ಗೆದ್ದಲನ್ನು ನೋಡಿದರೆ ಗೊತ್ತಾಗುತ್ತದೆ.

ಮೇಷ್ಟ್ರು ಟಾರ್ಚು ಹಾಕಿ "ಮುಚ್ಚಿಗೆ ನೋಡಿ" ಎನ್ನುತ್ತಾರೆ. ತಲೆಯ ಮೇಲೆ ಹಲಸಿನ ಹಲಗೆಗಳ ಮುಚ್ಚಿಗೆ. ಅದರ ಅಂಚಿನ ಉದ್ದಕ್ಕೂ ಕೆತ್ತಿದ ಒಂದು ಬಳ್ಳಿ. ಎಲೆಗಳ ನರ ಕೂಡ ಎಣಿಸಬಹುದು. ಒಂದು ಎಲೆಯ ಮೇಲೆ ಆಚಾರಿ ತನ್ನ ಖುಷಿಗೆಂದು ಕಡಲೆಕಾಳಿನಷ್ಟು ದೊಡ್ಡ ಹುಳವನ್ನು ಕೂರಿಸಿದ್ದಾನೆ. ಬಳ್ಳಿ ಹರಿದು ಹರಿದು ಬರುತ್ತದೆ, ಮೊಗ್ಗು ಬಿಡುತ್ತದೆ, ಇನ್ನೇನು ಅರಳಬೇಕು, ಅಷ್ಟರಲ್ಲಿ ಹಲಗೆ ಗೋಡೆ. ನಾವು ಕೆಳಗಿಳಿದು, ಅಂಗಳಕ್ಕೆ ಬಂದು, ಇನ್ನೊಂದು ಬಾಗಿಲಿನಿಂದ ಒಳಹೋಗಿ, ಇನ್ನೊಂದು ಮನೆಯವರ ಹತ್ತಿರ ಮಾತಾಡಿ, ಇನ್ನೊಂದು ಏಣಿ ಹತ್ತುತ್ತೇವೆ. ಅಲ್ಲಿ ಹೂವು.

ಕೆಳಗೆ ಚಾವಡಿಯಲ್ಲಿ ಮಾತ್ರ ಗೋಡೆ ಇಲ್ಲ. ನುಣುಪಾದ ಕರಿನೆಲ, ನಾಲ್ಕು ಕಂಬ, ಹಿತ್ತಾಳೆ ಸರಪಳಿಯಲ್ಲಿ ತೂಗುವ ದೈವದ ಉಯ್ಯಾಲೆ. ಅದರ ಮೇಲೆ ಮನುಷ್ಯರು ಕೂರುವುದಿಲ್ಲ. ಮಗ್ಗುಲಲ್ಲಿ ಕಾಲುದೀಪ. ವರ್ಷಕ್ಕೊಮ್ಮೆ ದೈವಕ್ಕೆ ತಂಬಿಲ ಕೊಡುವ ದಿನ ಎರಡೂ ಮನೆಯವರು, ಮುಂಬಯಿಯವರು, ದುಬೈಯವರು ಎಲ್ಲ ಇಲ್ಲಿ ಕೂಡುತ್ತಾರಂತೆ. "ಪಾಲುಪಟ್ಟಿಯಲ್ಲಿ ಚಾವಡಿ ಯಾರಿಗೆ?" ಎಂದು ಕೇಳುತ್ತೇನೆ. ಅಕ್ಕ ಒಬ್ಬರು ಅಡಿಕೆ ಸುಲಿಯುವ ಕೈ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ. "ಚಾವಡಿ ನಮ್ಮದಾದರೆ ಅಲ್ವಾ ಪಾಲು ಮಾಡುವುದು?"

ಆ ಮಾತನ್ನು ಕಿಸೆಯಲ್ಲಿಟ್ಟುಕೊಂಡೇ ನಾನು ಮೂಡುಬಿದಿರೆಯ ದಾರಿ ಹಿಡಿಯುತ್ತೇನೆ.

ಗುರುವಾಯನಕೆರೆಯಲ್ಲಿ ಎಡಕ್ಕೆ ತಿರುಗಬೇಕು. ತಿರುಗುವ ಮೊದಲು ಕೆರೆಯ ಹತ್ತಿರ ಐದು ಕಂಬದ ಒಂದು ಕಲ್ಲುಮಂಟಪವಿದೆ, ನೋಡಿ: ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು. 19ನೇ ಶತಮಾನದಲ್ಲೇ ಭಾರತದ ವಾಸ್ತುವಿನ ಬಗ್ಗೆ ಬರೆದ ಜೇಮ್ಸ್ ಫರ್ಗುಸನ್ ಇದನ್ನು ತನ್ನ ಪುಸ್ತಕಕ್ಕೆ ಸೇರಿಸಿಕೊಂಡಿದ್ದ. ಮೂಡಣ ದಿಕ್ಕಿಗೆ ಕುದುರೆಮುಖದ ನೀಲಿ, ಅದರ ಮುಂದೆ ಒಂಟಿಯಾಗಿ ನಿಂತ ಗಡಾಯಿಕಲ್ಲು. ಅದರ ನೆತ್ತಿಯ ಮೇಲೆ ಟಿಪ್ಪು 1794ರಲ್ಲಿ ಕೋಟೆ ಕಟ್ಟಿಸಿ, ಜಮಾಲಾಬಾದ್ ಎಂದು ಕರೆದ. ಇಂದು ಅದಕ್ಕೆ ಕೈಮುಗಿದು ಮುಂದೆ ಹೋಗೋಣ, ಹತ್ತುವುದು ಇನ್ನೊಂದು ದಿನದ ಪಾಡು.

ಗರ್ಡಾಡಿ ದಾಟಿ ವೇಣೂರಿಗೆ ಬಂದರೆ ಬಸ್ಸಿನ ಕಿಟಕಿಯಲ್ಲಿ ಫಲ್ಗುಣಿ ಹೊಳೆ. ಇಲ್ಲಿಯ ಗೊಮ್ಮಟ 35 ಅಡಿ. ತಿಮ್ಮಣ್ಣ ಅಜಿಲ 1604ರಲ್ಲಿ ನಿಲ್ಲಿಸಿದ್ದು. ಕಾರ್ಕಳದವನು, ಶ್ರವಣಬೆಳಗೊಳದವನು ಬಂಡೆ ಮೇಲಿಂದ ಲೋಕ ನೋಡುತ್ತಾರೆ. ವೇಣೂರಿನವನು ಊರಿನ ನಡುವೆಯೇ ನಿಂತು, ಕೆನ್ನೆಯಲ್ಲಿ ಗುಳಿ ಬೀಳುವ ಹಾಗೆ ಮುಗುಳ್ನಗುತ್ತಾನೆ. ನನಗೆ ಇವನೇ ಹೆಚ್ಚು ಪ್ರೀತಿ. 2024ರ ಮಹಾಮಸ್ತಕಾಭಿಷೇಕದ ಅರಿಸಿನ ಕುಂಕುಮವನ್ನೆಲ್ಲ ಮಳೆ ತೊಳೆದು ಮತ್ತೆ ಬೂದು ಮಾಡಿದೆ.

ಈ ದಾರಿಯಲ್ಲಿ ಸಾಗುವಾಗ ಒಂದು ಲೆಕ್ಕ ಹಾಕಿ. ವೇಣೂರಿನಲ್ಲಿ ಅಜಿಲರು. ಬಂಗಾಡಿಯಲ್ಲಿ ಬಂಗರು. ಬೆಳ್ತಂಗಡಿ ಕಡೆ ಮೂಲರು. ಕಾರ್ಕಳದಲ್ಲಿ ಭೈರರಸರು. ಪುತ್ತಿಗೆ, ಮೂಡುಬಿದಿರೆಯಲ್ಲಿ ಚೌಟರು. ಬೆಳಿಗ್ಗೆ ಗಂಜಿ ಉಂಡು ಹೊರಟವನು ಸಂಜೆ ದೀಪ ಹಚ್ಚುವುದರೊಳಗೆ ಎರಡು ರಾಜ್ಯ ದಾಟಬಹುದಾಗಿದ್ದ ಸೀಮೆ ಇದು. ಇಷ್ಟು ಪುಟ್ಟ ರಾಜ್ಯದ ರಾಜ ಎಂಥ ಮನೆಯಲ್ಲಿ ಇದ್ದಿರಬಹುದು?

ಮೂಡುಬಿದಿರೆ ಪೇಟೆ ಎರಡು ಮುಖದ್ದು. ಬಸ್‌ಸ್ಟ್ಯಾಂಡಿನ ಕಡೆ ಕಾಲೇಜು ಮಕ್ಕಳ ಬ್ಯಾಗು, ಜ್ಯೂಸ್ ಅಂಗಡಿ, ಮೊಬೈಲ್ ಕವರು. ಒಂದೆರಡು ತಿರುವು ತಿರುಗಿ ಬಸದಿಗಳ ಬೀದಿಗೆ ಕಾಲಿಟ್ಟರೆ ಸದ್ದು ತಗ್ಗುತ್ತದೆ. 18 ಬಸದಿ, 18 ದೇವಸ್ಥಾನ, 18 ಕೆರೆ ಎಂದು ಊರವರು ಬೆರಳು ಮಡಚುತ್ತಾರೆ. ಭರತೇಶ ವೈಭವದ ರತ್ನಾಕರವರ್ಣಿ ಈ ಊರಿನವನೇ. ಧವಳ, ಜಯಧವಳ, ಮಹಾಧವಳಗಳ ತಾಳೆಗರಿಗಳನ್ನು ಶತಮಾನಗಳ ಕಾಲ ಮಳೆ, ಹುಳ, ಬೆಂಕಿಗಳಿಂದ ಕಾಪಾಡಿದ್ದು ಇಲ್ಲಿಯ ಗುರುಬಸದಿ. ಜಗಲಿಗಳು ಬೀದಿಗೆ ತೀರ ಹತ್ತಿರ. ಕಾಲು ಚಾಚಿ ಕುಳಿತ ಅಜ್ಜನಿಗೆ ದಾರಿಹೋಕನ ಜತೆ ಮಾತಾಡಲು ದನಿ ಎತ್ತಬೇಕಾಗಿಲ್ಲ.

ಮೊದಲು ಸಾವಿರ ಕಂಬದ ಬಸದಿ. ವಿಜಯನಗರದ ಇಮ್ಮಡಿ ದೇವರಾಯನ ಕಾಲದಲ್ಲಿ, 1430ರಲ್ಲಿ, ಇಲ್ಲಿ ಆಳುತ್ತಿದ್ದ ದೇವರಾಯ ಒಡೆಯ ಕಟ್ಟಿಸಿದ್ದು. ಎಲ್ಲರೂ ಕಂಬ ಎಣಿಸುತ್ತಾರೆ. ನೀವು ಮಾಡು ನೋಡಿ. ದ್ರಾವಿಡ ಗೋಪುರವಿಲ್ಲ, ಶಿಖರವಿಲ್ಲ. ಕಲ್ಲಿನ ಚಪ್ಪಡಿಗಳನ್ನೇ ಓರೆಯಾಗಿ ಇಳಿಬಿಟ್ಟು ಸೂರು ಮಾಡಿದ್ದಾರೆ, ಅದರ ಮೇಲೆ ಇನ್ನೊಂದು ಅಂತಸ್ತು, ಅದರ ಮೇಲೆ ಮತ್ತೊಂದು. ಮೇಲೆ ಹೋದಂತೆ ಕಲ್ಲು ಮರಕ್ಕೆ ಜಾಗ ಬಿಡುತ್ತದೆ, ಮರದ ಮೇಲೆ ತಾಮ್ರ. ಫರ್ಗುಸನ್ನನಿಗೆ ಇಲ್ಲಿ ನೇಪಾಳ ನೆನಪಾಯಿತು. ನನಗೆ ಬೆಳಿಗ್ಗೆ ನೋಡಿದ ಮನೆ. ಅದೇ ಮಳೆ, ಅದೇ ಇಳಿಜಾರು, ಅದೇ ಅರ್ಧ ನೆರಳಿನ ಜಗಲಿ. ತುಳುನಾಡಿನ ಆಚಾರಿ ತೀರ್ಥಂಕರನಿಗೆ ಮನೆ ಕಟ್ಟು ಎಂದಾಗ ತನಗೆ ಗೊತ್ತಿದ್ದ ಉಪ್ಪರಿಗೆ ಮನೆಯನ್ನೇ ದೊಡ್ಡದು ಮಾಡಿ ಕಟ್ಟಿದ ಎಂದೇ ನನ್ನ ಗುಮಾನಿ. ಇದೇ ಬಸದಿಯ ಭೈರಾದೇವಿ ಮಂಟಪದ ಜಗತಿಯಲ್ಲಿ ಬಗ್ಗಿ ಹುಡುಕಿದರೆ ಜಿರಾಫೆ ಸಿಗುತ್ತದೆ, ಚೀನಾದ ಡ್ರ್ಯಾಗನ್ ಸಿಗುತ್ತದೆ. ಕರಿಮೆಣಸು ಕೊಂಡೊಯ್ದ ಹಡಗುಗಳು ಬರಿಗೈಯಲ್ಲಿ ಬರಲಿಲ್ಲ, ದೂರದೇಶದ ಸುದ್ದಿ ಹೊತ್ತು ತಂದವು.

ಅಲ್ಲಿಂದ ಕಾಲ್ನಡಿಗೆಯಲ್ಲೇ ಚೌಟರ ಅರಮನೆ. ದಾರಿ ಕೇಳಿದವರಿಗೆ ಇದ್ದದ್ದಕ್ಕಿಂತ ದೊಡ್ಡದನ್ನು ಕಲ್ಪಿಸಿಕೊಳ್ಳುವ ಆಸೆ ಇರುತ್ತದೆ. ಮೈಸೂರು ನೋಡಿದ ಕಣ್ಣಲ್ಲವೆ! ಇಲ್ಲಿ ಗುಮ್ಮಟವಿಲ್ಲ, ಕೋಟೆಯಿಲ್ಲ, ಟಿಕೆಟ್ ಕಿಟಕಿಯೂ ಇಲ್ಲ. ಹಂಚಿನ ಮಾಡಿನ ಒಂದು ದೊಡ್ಡ ಮನೆ. ಮನೆತನದವರು ಈಗಲೂ ಇಲ್ಲಿದ್ದಾರೆ. ಆದ್ದರಿಂದ ನಾವು ಚಪ್ಪಲಿ ಬಿಟ್ಟು, ಹೊರಗಿನಿಂದಲೇ ದನಿ ಕೊಟ್ಟು, ಹೂಂ ಅಂದ ಮೇಲೆ ಒಳಗೆ ಹೋಗುತ್ತೇವೆ.

ಒಳಗೆ ಚಾವಡಿ. ಕಂಬಗಳು ಮರದವು, ಕೈಯ ಎಣ್ಣೆಗೂ ಕಾಲದ ಹೊಗೆಗೂ ಮಿರುಗುವ ಕಪ್ಪು. ಮೊದಲ ನೋಟಕ್ಕೆ ಒಂದು ಕಂಬದ ಮೇಲೆ ಆನೆ. ದಪ್ಪ ಮೈ, ಕಂಬದಂಥ ಕಾಲು, ಇಳಿಬಿದ್ದ ಸೊಂಡಿಲು. ಒಂದು ಹೆಜ್ಜೆ ಹತ್ತಿರ ಹೋಗಿ. ಆನೆಯ ಕಾಲಿಗೆ ಗೆಜ್ಜೆ ಏಕೆ? ಇನ್ನೂ ಒಂದು ಹೆಜ್ಜೆ. ಆನೆ ಕರಗಿಹೋಗುತ್ತದೆ. ಕಾಲಾಗಿ ನೆಟ್ಟಗೆ ನಿಂತವರು ಹೆಣ್ಣುಗಳು. ಬೆನ್ನಾಗಿ ಬಾಗಿದವರೂ ಹೆಣ್ಣುಗಳು. ಒಬ್ಬಳ ತೋಳು ಇನ್ನೊಬ್ಬಳ ಸೊಂಟಕ್ಕೆ, ಒಬ್ಬಳ ಮಡಿಸಿದ ಮೊಣಕಾಲು ಇನ್ನೊಬ್ಬಳ ಹೆಗಲಿಗೆ. ಎಲ್ಲಿಯೂ ಒಂದು ಬೆರಳಿನ ಜಾಗ ಹಾಳು ಮಾಡಿಲ್ಲ. ಒಂಬತ್ತು ಹೆಣ್ಣು ಸೇರಿ ಒಂದು ಆನೆ: ನವನಾರಿ ಕುಂಜರ. ಹಿಂದೆ ಸರಿಯಿರಿ, ಮತ್ತೆ ಆನೆ. ಮುಂದೆ ಬನ್ನಿ, ಮತ್ತೆ ಹೆಣ್ಣುಗಳು. ನಾನು ಈ ಆಟವನ್ನು ಸಣ್ಣ ಹುಡುಗನ ಹಾಗೆ ಆಡುತ್ತಲೇ ಇದ್ದೇನೆ.

ಇದರ ಜೋಡಿ ಪಂಚನಾರಿ ತುರಗ, ಐದು ಹೆಣ್ಣು ಸೇರಿದ ಕುದುರೆ. ನನಗೆ ಕುದುರೆಯೇ ಹೆಚ್ಚು ಕಷ್ಟದ ಕೆಲಸ ಅನಿಸುತ್ತದೆ. ಆನೆಯಾದರೆ ದಪ್ಪ, ಒಂಬತ್ತು ಮಂದಿಯನ್ನು ಹೇಗಾದರೂ ತುಂಬಬಹುದು. ಕುದುರೆಗೆ ಓಟ ಬೇಕು. ಐದೇ ಮೈಗಳಲ್ಲಿ ಕುದುರೆಯ ಕತ್ತಿನ ಬಿಗು ತಂದ ಕೈ ಯಾರದೋ? ಆಚಾರಿಗಳು ಹೆಸರು ಬರೆದಿಡಲಿಲ್ಲ. ಒಡಿಶಾದ ಪಟಚಿತ್ರಗಳಲ್ಲಿ, ರಾಜಸ್ಥಾನದ ಕಿರುಚಿತ್ರಗಳಲ್ಲಿ ಈ ನಾರಿಕುಂಜರವನ್ನು ನೀವು ಕಂಡಿರಬಹುದು. ಅಲ್ಲಿ ಅದು ಬಣ್ಣ, ಬಟ್ಟೆ, ಕಾಗದ. ಇಲ್ಲಿ ಮನೆಯ ಮಾಡನ್ನು ಹೊತ್ತು ನಿಂತ ಕಂಬ. ಈ ಹೆಣ್ಣುಗಳಿಗೆ ನಿಜವಾದ ಭಾರ ಉಂಟು.

ಅರಮನೆಯನ್ನು 17ನೇ ಶತಮಾನದ್ದು ಎನ್ನುತ್ತಾರೆ. ಚೌಟರು ಮೊದಲು ಇದ್ದದ್ದು ಕಡಲ ಬದಿಯ ಸೋಮೇಶ್ವರ, ಉಳ್ಳಾಲಗಳಲ್ಲಿ. ಆಮೇಲೆ ಪುತ್ತಿಗೆ, ಕೊನೆಗೆ ಇಲ್ಲಿ. ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ಅಬ್ಬಕ್ಕ ಇದೇ ಚೌಟರ ಹೆಣ್ಣು. ಅಳಿಯಸಂತಾನದ ಮನೆಯಾದ್ದರಿಂದ ಹೆಣ್ಣಿಗೆ ಪಟ್ಟ ಕಟ್ಟುವುದು ಇವರಿಗೆ ದೊಡ್ಡ ಸಂಗತಿಯಲ್ಲ. ವಂಶದ ಬೇರು ಇದ್ದದ್ದೇ ಹೆಣ್ಣಿನಲ್ಲಿ. ಆ ಲೆಕ್ಕದಲ್ಲಿ ಚಾವಡಿಯ ಕಂಬದ ಮೇಲೆ ಆನೆಯೂ ಕುದುರೆಯೂ ಹೆಣ್ಣುಗಳಿಂದಲೇ ಆಗಿರುವುದು ನೋಡಿ ನನಗೊಳಗೇ ನಗು ಬರುತ್ತದೆ. ಆಚಾರಿಯ ಮನಸ್ಸಿನಲ್ಲಿ ಅದೇ ಇತ್ತು ಎಂದು ನಾನು ವಾದಿಸಲಾರೆ. ರಾಜನ ಸವಾರಿಗೆ ಬೇಕಾದ ಎರಡೂ ಪ್ರಾಣಿ ಹಾಗೆ ನಿಂತಿವೆ, ಅಷ್ಟೆ.

1623ರಲ್ಲಿ ಪಿಯೆತ್ರೊ ದೆಲ್ಲ ವಾಲ್ಲೆ ಎಂಬ ಇಟಲಿಯ ಪ್ರವಾಸಿ ಉಳ್ಳಾಲದ ರಾಣಿಯನ್ನು ನೋಡಲು ಮಣೇಲಿಗೆ ಬಂದ. ರೋಮಿನವನು, ಶ್ರೀಮಂತ, ಅರಮನೆಗಳನ್ನು ಕಂಡವನು. ರಾಣಿ ಸಿಕ್ಕಿದ್ದು ಸಿಂಹಾಸನದ ಮೇಲಲ್ಲ, ದಾರಿಯಲ್ಲಿ. ಬರಿಗಾಲು, ಸೊಂಟಕ್ಕೊಂದು ಬಿಳಿ ಬಟ್ಟೆ, ತಲೆಯ ಮೇಲೆ ತಾಳೆಗರಿಯ ಕೊಡೆ. ಗದ್ದೆಗೆ ನೀರು ಹಾಯಿಸುವ ಕಾಲುವೆಯ ಕೆಲಸ ನೋಡಲು ಹೋಗಿದ್ದಳು. ಆತ ಬೆಚ್ಚಿಬಿದ್ದ, ಅಡುಗೆಮನೆಯ ಆಳಿನ ಹಾಗಿದ್ದಾಳೆ ಎಂಬರ್ಥದಲ್ಲಿ ಬರೆದ. ಮಾತಾಡಿದ ಮೇಲೆ ಅವಳ ಗಾಂಭೀರ್ಯಕ್ಕೆ ತಲೆದೂಗಿದ. ಮಡಂತ್ಯಾರಿನ ಆ ಅಕ್ಕ ಅವನ ಜತೆಗಿದ್ದಿದ್ದರೆ ಬೆಚ್ಚುತ್ತಿರಲಿಲ್ಲ. ಮಳೆನಾಡಿನ ಯಜಮಾನ್ತಿ ತೋಡಿನ ನೀರು ನೋಡದೆ ಇನ್ನೇನು ನೋಡಬೇಕು? ರಾಜ್ಯವೆಂದರೆ ಇಲ್ಲಿ ಸ್ವಲ್ಪ ದೊಡ್ಡ ಬೈಲು, ಅರಮನೆಯೆಂದರೆ ಸ್ವಲ್ಪ ದೊಡ್ಡ ಚಾವಡಿ. ನ್ಯಾಯ ಹೇಳುವುದು, ದೈವದ ಭಂಡಾರ ಇಳಿಸುವುದು, ಬಂದವರಿಗೆ ಬೆಲ್ಲ ನೀರು ಕೊಡುವುದು ಎಲ್ಲಕ್ಕೂ ಅದೇ ನೆಲ.

ರಾಜ್ಯವೇನೋ ಹೋಯಿತು. 1763ರಲ್ಲಿ ಹೈದರ್ ಕರಾವಳಿಗೆ ಇಳಿದ ಮೇಲೆ ಈ ಸಣ್ಣ ಅರಸರ ಕೈಯಿಂದ ಅಧಿಕಾರ ಜಾರಿತು. 1799ರಲ್ಲಿ ಬ್ರಿಟಿಷರು ಬಂದರು. ಚೌಟರ ಮನೆತನಕ್ಕೆ ಒಂದು ಪಿಂಚಣಿ ಉಳಿಯಿತು. ಅರಸರ ಕುದುರೆ ಆನೆಗಳಲ್ಲಿ ಉಳಿದವು ಈ ಮರದವು.

ನಾನು ಮತ್ತೆ ಕುಂಜರದ ಮುಂದೆ ನಿಂತಿರುವಾಗ ಅಂಗಳದಲ್ಲಿ ಗದ್ದಲ. ಪ್ರವಾಸಕ್ಕೆ ಬಂದ ಶಾಲೆ ಮಕ್ಕಳು, ಆರನೆಯದೋ ಏಳನೆಯದೋ. ಟೀಚರು "ಮುಟ್ಟಬೇಡಿ, ಮನೆ ಇದು, ಮೆಲ್ಲಗೆ" ಎನ್ನುತ್ತ ಸಾಲು ಮಾಡಿಸುತ್ತಾರೆ. "ಎಷ್ಟು ಮಂದಿ ಇದ್ದಾರೆ ಹೇಳಿ ನೋಡುವ?" ಬೆರಳುಗಳು ಗಾಳಿಯಲ್ಲಿ ಎಣಿಸತೊಡಗುತ್ತವೆ. ಒಬ್ಬ ಏಳು ಅನ್ನುತ್ತಾನೆ. ಎರಡು ಜಡೆಯ ಹುಡುಗಿ ಎಂಟೇ ಎಂದು ಹಟ ಹಿಡಿಯುತ್ತಾಳೆ. "ಒಂಬತ್ತು ಉಂಟು" ಎಂದು ಟೀಚರು ಹೇಳಿದರೂ ಅವಳು ಜಗ್ಗುವುದಿಲ್ಲ, "ಹಾಗಾದರೆ ನೀವು ತೋರಿಸಿ ಟೀಚರ್!" ಟೀಚರು ಎಣಿಸಲು ಶುರುಮಾಡಿ ಆರಕ್ಕೆ ಬಂದು ಗೊಂದಲದಲ್ಲಿ ನಿಲ್ಲುತ್ತಾರೆ, ಈ ಕೈ ಯಾರದು, ಮೇಲಿನವಳದೋ ಮಗ್ಗುಲಿನವಳದೋ? ಮಕ್ಕಳು ನನ್ನ ಕಡೆ ತಿರುಗುತ್ತಾರೆ. ನಾನೂ ಬಗ್ಗಿ, ಸೊಂಡಿಲಿನಿಂದ ಶುರುಮಾಡಿ, ಒಂದು, ಎರಡು ಎಂದು ಗಟ್ಟಿಯಾಗಿ ಎಣಿಸತೊಡಗುತ್ತೇನೆ. ಎರಡು ಜಡೆಯವಳು ಪ್ರತಿ ಹೆಣ್ಣಿಗೂ ಸಾಕ್ಷಿ ಕೇಳುತ್ತಿದ್ದಾಳೆ: "ತಲೆ ತೋರಿಸಿ. ಕಾಲು ತೋರಿಸಿದರೆ ಸಾಲದು."